ಅಳಿವೆಯಲ್ಲಿ ಗಾಳ: ಯಾವ ತಿಂಗಳು, ಯಾವ ಉಬ್ಬರ, ಎಲ್ಲಿ ನಿಲ್ಲಬೇಕು

ಗಾಳ ಹಾಕಲು ಕರಾವಳಿಗೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಯಾವ ರಾಡ್ ಕೊಳ್ಳಲಿ? ಸಿಗಡಿ ಚುಚ್ಚಬೇಕೋ, ಲೂರ್ (ಮೀನಿನಂತೆ ಕಾಣುವ ಕೃತಕ ಎರೆ) ಎಸೆಯಬೇಕೋ? ಗಂಗೊಳ್ಳಿ ಕಡೆ ಮೀನು ಜಾಸ್ತಿಯೋ, ಕೋಡಿ ಬೆಂಗ್ರೆ ಕಡೆಯೋ? ಕೊನೆಗೆ ಇನ್ನೊಂದು: "ಹೋದ ವರ್ಷ ಇದೇ ಜಾಗದಲ್ಲಿ ಸಿಕ್ಕಿತ್ತು, ಈ ಸಲ ಒಂದೂ ಕಚ್ಚಲಿಲ್ಲ, ಯಾಕೆ?"

ಮೊದಲು ಕೇಳಬೇಕಾದದ್ದು ಈ ಕೊನೆಯ ಪ್ರಶ್ನೆ. ಮೀನು ಒಂದೇ ಕಡೆ ಕೂತಿರುವುದಿಲ್ಲ. ಮಳೆಗೆ ಹೊಳೆ ಸಿಹಿಯಾದಾಗ ಕೆಳಗಿಳಿಯುತ್ತದೆ, ಬೇಸಿಗೆಯಲ್ಲಿ ಉಪ್ಪು ಏರಿದಂತೆ ಮೇಲಕ್ಕೆ ಹೋಗುತ್ತದೆ, ದಿನಕ್ಕೆರಡು ಸಲ ಉಬ್ಬರದ ಜೊತೆ ಒಳಬಂದು ಇಳಿತದ ಜೊತೆ ಹೊರಗೆ ಹೋಗುತ್ತದೆ. ಅದು ಹಾದುಹೋಗುವ ದಾರಿಯಲ್ಲಿ, ಹಾದುಹೋಗುವ ಹೊತ್ತಿಗೆ ನಿಂತವರಿಗೆ ಸಾಧಾರಣ ಕೋಲಿಗೂ ಮೀನು ಬೀಳುತ್ತದೆ. ಹೊತ್ತು ತಪ್ಪಿದರೆ ಎಷ್ಟು ದುಬಾರಿ ರೀಲ್ ಇದ್ದರೂ ಬರಿಗೈಯೇ.

ಇಲ್ಲಿ ಹೇಳುತ್ತಿರುವುದು ಮಂಗಳೂರಿನಿಂದ ಕಾರವಾರದವರೆಗಿನ ಅಳಿವೆಗಳಲ್ಲಿ, ಅಂದರೆ ಹೊಳೆ ಕಡಲು ಸೇರುವ ಜಾಗಗಳಲ್ಲಿ, ದಡದಲ್ಲೇ ನಿಂತು ಗಾಳ ಹಾಕುವವರಿಗೆ. ದೋಣಿಯ ಮೀನುಗಾರಿಕೆ ಬೇರೆಯೇ ವಿಷಯ. ಮೀನಿನ ಹೆಸರುಗಳು ಕುಂದಾಪುರ, ಉಡುಪಿ ಕಡೆಯವು. ನಿಮ್ಮ ಊರಲ್ಲಿ ಬೇರೆ ಇರಬಹುದು, ಸಂತೆಯಲ್ಲಿ ಮೀನು ತೋರಿಸಿ ಕೇಳಿಕೊಳ್ಳಿ.

ಬೇಕಾದ ಸಾಮಾನು

ಎಂಟು ಒಂಬತ್ತು ಅಡಿಯ ಒಂದು ಸ್ಪಿನ್ನಿಂಗ್ ರಾಡ್, 3000 ಅಥವಾ 4000 ಅಳತೆಯ ರೀಲ್, 20 ಪೌಂಡ್ ತೂಕ ತಾಳುವ ಬ್ರೇಡ್ ದಾರ. ಬ್ರೇಡ್ ಎಂದರೆ ಎಳೆಗಳನ್ನು ಹೆಣೆದ ದಾರ; ತೆಳ್ಳಗಿದ್ದರೂ ಗಟ್ಟಿ, ಆದರೆ ಕಲ್ಲಿಗೆ ತಾಗಿದರೆ ಕಡಿಯುತ್ತದೆ. ಅದಕ್ಕೆ ಅದರ ತುದಿಗೆ ಒಂದು ಮಾರು ಉದ್ದದ ದಪ್ಪ ತಂಗೂಸಿ, ಅಂದರೆ ನೈಲಾನ್ ದಾರ, 30ರಿಂದ 40 ಪೌಂಡಿನದು, ಕಟ್ಟಬೇಕು. ಇದನ್ನೇ ಲೀಡರ್ ಅನ್ನುವುದು. ಗಾಳ ಎರಡು ಅಳತೆಯದಿರಲಿ: ಕಾಣೆ (ಲೇಡಿಫಿಶ್) ಮೀನಿಗೆ 8 ಅಥವಾ 10ನೇ ನಂಬರಿನ ಸಣ್ಣದು, ದೊಡ್ಡ ಮೀನಿಗೆ 2/0 ಸರ್ಕಲ್ ಗಾಳ. ಒಂದಷ್ಟು ಸೀಸದ ಗುಂಡು, ಬೆಂಡು, ಇಕ್ಕಳ, ತಲೆಗೆ ಕಟ್ಟುವ ಟಾರ್ಚ್, ಕಾಲಿಗೆ ಅಡಿ ಗಟ್ಟಿಯಿರುವ ಬೂಟು. ಕಲ್ಲಿನ ಮೇಲೆ ಚಪ್ಪಲಿ ಬೇಡ, ಕಲ್ಲಿಗಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಇದಕ್ಕಿಂತ ಹೆಚ್ಚು ಮೊದಲ ವರ್ಷ ಕೊಳ್ಳಬೇಡಿ. ಉಳಿದ ಹಣದಲ್ಲಿ ಒಂದು ಪಂಚಾಂಗ ತೆಗೆದುಕೊಳ್ಳಿ, ಅದರ ಕೆಲಸ ಮೂರನೆಯ ಹಂತದಲ್ಲಿದೆ.

1. ಯಾವ ಮೀನು ಯಾಕೆ ಓಡಾಡುತ್ತದೆ ಎಂದು ತಿಳಿದುಕೊಳ್ಳಿ

ಕುರುಡಿ. ಹೋಟೆಲಿನವರು ಸೀಬಾಸ್ ಅನ್ನುವುದು ಇದನ್ನೇ. ಇದು ಬೆಳೆಯುವುದು ಹೊಳೆಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ, ಹಿನ್ನೀರಿನಲ್ಲಿ. ಮೊಟ್ಟೆಯಿಡಲು ಮಾತ್ರ ಉಪ್ಪುನೀರು ಬೇಕು. ಮಳೆಗಾಲದಲ್ಲಿ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಅಳಿವೆ ಬಾಗಿಲಿಗೆ ಇಳಿಯುತ್ತದೆ. ಮರಿಗಳು ಉಬ್ಬರದ ಜೊತೆ ತೇಲಿ ಒಳಗೆ ಬಂದು ಕಾಂಡ್ಲಾ ಕಾಡು ಸೇರುತ್ತವೆ. ಇನ್ನೊಂದು ವಿಷಯ ತಿಳಿದಿರಲಿ: ಕುರುಡಿ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ಫೋಟೋಕ್ಕೆ ಚೆಂದ ಕಾಣುವ ಭಾರೀ ಮೀನುಗಳೇ ತಾಯಂದಿರು.

ಕೆಂಬೇರಿ, ಅಂದರೆ ರೆಡ್ ಸ್ನ್ಯಾಪರ್, ಇದಕ್ಕೆ ತಿರುವುಮುರುವು. ಮರಿ ಮತ್ತು ಹರೆಯದ ಮೀನು ಅಳಿವೆಯೊಳಗೆ, ಸೇತುವೆ ಕಂಬ, ಕಲ್ಲಿನ ಸಂದಿಗಳಲ್ಲಿ ವಾಸ. ಬಲಿತ ಮೇಲೆ ಆಳ ಕಡಲಿನ ಬಂಡೆಗಳಿಗೆ ಹೊರಟುಹೋಗುತ್ತದೆ. ಹೊಳೆಯಲ್ಲಿ ನಿಮಗೆ ಸಿಗುವ ಕೆಂಬೇರಿ ಬಹುಮಟ್ಟಿಗೆ ಇನ್ನೂ ಸಂತಾನ ಕಾಣದ ಮೀನು.

ಸಿಗಡಿ. ಗಾಳ ಹಾಕುವವರು ಮೀನಿಗಿಂತ ಹೆಚ್ಚು ಗಮನಿಸಬೇಕಾದದ್ದು ಇದನ್ನು. ಕಡಲಲ್ಲಿ ಹುಟ್ಟಿದ ಸಿಗಡಿ ಮರಿಯಾಗಿ ಅಳಿವೆಗೆ ಬಂದು, ಕೆಸರಲ್ಲಿ ಮೇಯ್ದು, ಬಲಿತು ಮತ್ತೆ ಕಡಲಿಗೆ ಮರಳುತ್ತದೆ. ಮರಳುವುದು ಹೆಚ್ಚಾಗಿ ರಾತ್ರಿ, ಇಳಿತದ ಸೆಳೆತದಲ್ಲಿ. ಸಿಗಡಿ ಹೊರಡುವಾಗ ಅಳಿವೆ ಬಾಗಿಲಲ್ಲಿ ಕುರುಡಿ, ಶೇಡೆ (ಮೀಸೆಯ ಬೆಕ್ಕುಮೀನು), ಜೊತೆಗೆ ರಾಡ್ ಹಿಡಿದವರು ಟ್ರೆವಲಿ ಅನ್ನುವ ಮೀನು, ಎಲ್ಲವೂ ಕಾಯುತ್ತಿರುತ್ತವೆ.

ಇನ್ನು ಬಂಗುಡೆ, ಬೈಗೆ (ಬೂತಾಯಿ). ಮಳೆಗಾಲದ ಗಾಳಿ ಮತ್ತು ಪ್ರವಾಹಕ್ಕೆ ನಮ್ಮ ತೀರದ ಮೇಲ್ಪದರದ ನೀರು ಹೊರಕ್ಕೆ ಸರಿದು, ಆಳದ ತಣ್ಣನೆಯ, ಗೊಬ್ಬರದಂಥ ಸತ್ವವಿರುವ ನೀರು ಮೇಲೆ ಬರುತ್ತದೆ. ಬಿಸಿಲು ಬಿದ್ದೊಡನೆ ಅದರಲ್ಲಿ ಕಣ್ಣಿಗೆ ಕಾಣದ ಸಸ್ಯಜೀವಿಗಳು ಹುಲುಸಾಗುತ್ತವೆ. ಅದನ್ನು ಮೇಯಲು ಬೈಗೆ, ಬಂಗುಡೆಯ ಹಿಂಡು ದಡದ ಹತ್ತಿರ ಬರುತ್ತದೆ. ಹಿಂಡಿನ ಬೆನ್ನಿಗೆ ಅಂಜಲ್.

2. ತಿಂಗಳು ನೋಡಿ

ಜೂನ್, ಜುಲೈ: ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ದಡದ ಗಾಳಕ್ಕೆ ಈ ನಿಷೇಧ ತಾಗುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ, ಆ ಮಾತು ಸರಿಯೇ. ಆದರೆ ನಿಷೇಧ ತಂದದ್ದು ಮೀನು ಮರಿ ಮಾಡುವ ಕಾಲವೆಂದು. ತುಂಬಿದ ಹೊಟ್ಟೆಯ ಕುರುಡಿಯನ್ನು ಅಳಿವೆ ಬಾಗಿಲಲ್ಲಿ ಎಳೆದು ಹಾಕಿದರೆ ಮುಂದಿನ ವರ್ಷಗಳ ಮೀನು ನೀವೇ ತಿಂದ ಹಾಗೆ. ಮೇಲಾಗಿ ಹೊಳೆ ಪೂರಾ ಕೆಂಪು ನೀರು, ಕಸ, ಮರದ ದಿಮ್ಮಿ. ಕಡಲ ತೆರೆ ತಡೆಗೋಡೆ ಹಾರಿ ಬರುತ್ತದೆ.

ಮಲೆನಾಡಿನ ಓದುಗರಿಗೂ ಇಲ್ಲೇ ಒಂದು ಮಾತು. ಮೊದಲ ಮಳೆಗೆ ಹಳ್ಳ, ಗದ್ದೆಗೆ ಏರಿಬರುವ ಹತ್ತುಮೀನು ಮೊಟ್ಟೆಯಿಡಲು ಬಂದದ್ದು. ಕತ್ತಿ ಹಿಡಿದು ಟಾರ್ಚ್ ಬೆಳಕಲ್ಲಿ ಅದನ್ನು ಕಡಿಯುವ ಚಪಲ ಬಿಡಿ. ಒಂದು ತಿಂಗಳು ತಡೆದರೆ ಅದೇ ಹಳ್ಳದಲ್ಲಿ ಮರಿ ತುಂಬಿರುತ್ತದೆ.

ಆಗಸ್ಟ್, ಸೆಪ್ಟೆಂಬರ್: ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಆಗುತ್ತದೆ, ಕಡಲು ಮೆಲ್ಲಗೆ ತಣಿಯುತ್ತದೆ. ಮಳೆ ಎರಡು ಮೂರು ದಿನ ಹೊಳವಾದಾಗ ಹೋಗಿ. ಈ ಕಾಲಕ್ಕೆ ಗೊತ್ತಿರಬೇಕಾದ ಗುಟ್ಟೆಂದರೆ, ಉಪ್ಪುನೀರು ಸಿಹಿನೀರಿಗಿಂತ ಭಾರ. ಉಬ್ಬರ ಬರುವಾಗ ಉಪ್ಪುನೀರು ತಳದಲ್ಲಿ ನುಗ್ಗುತ್ತದೆ, ಹೊಳೆಯ ಕೆಂಪು ನೀರು ಅದರ ಮೇಲೆ ತೇಲುತ್ತಿರುತ್ತದೆ. ಮೇಲೆ ನೋಡಿದವರಿಗೆ ಹೊಳೆ ಇನ್ನೂ ಕದಡಿದೆ ಅನ್ನಿಸುತ್ತದೆ, ಮೀನು ಆಗಲೇ ತಳದಲ್ಲಿ ಒಳಗೆ ಬಂದಿರುತ್ತದೆ. ಆದ್ದರಿಂದ ಈ ಎರಡು ತಿಂಗಳು ಬೆಂಡು ಬೇಡ. ಸೀಸ ಕಟ್ಟಿ, ಎರೆಯನ್ನು ತಳಕ್ಕೆ ಇಳಿಸಿ.

ಅಕ್ಟೋಬರ್‌ನಿಂದ ಡಿಸೆಂಬರ್: ವರ್ಷದ ಒಳ್ಳೆಯ ಕಾಲ ಇದು, ನನಗೆ ಇದರಲ್ಲಿ ಅನುಮಾನವಿಲ್ಲ. ನೀರು ತಿಳಿಯಾಗುತ್ತದೆ, ಸಣ್ಣ ಮೀನು ದಡದಲ್ಲೇ ಇರುತ್ತದೆ, ಮಳೆಗಾಲದಲ್ಲಿ ಹೊರಗೆ ಹೋದ ಮೀನು ಒಳಬರುತ್ತದೆ. ಗಂಗೊಳ್ಳಿ, ಹಂಗಾರಕಟ್ಟೆ ಎದುರಿನ ಕೋಡಿ ಬೆಂಗ್ರೆ, ಸಸಿಹಿತ್ಲು, ತದಡಿ, ಎಲ್ಲ ಅಳಿವೆಗಳಲ್ಲೂ ಬೆಳಗಿನ ಜಾವ ಲೂರ್ ಎಸೆಯಲು ಇದೇ ಸಮಯ. ನೀರ ಮೇಲೆ ಹಕ್ಕಿಗಳು ಒಟ್ಟಾಗಿ ಎರಗುತ್ತಿದ್ದರೆ ಕೆಳಗೆ ಬೇಟೆ ನಡೆದಿದೆ ಎಂದರ್ಥ. ಅಂಜಲ್ ದಡದವರಿಗೆ ಸಿಗುವುದು ಅಪರೂಪ. ಸಿಗುವುದಾದರೆ ಈ ತಿಂಗಳುಗಳಲ್ಲಿ, ತಡೆಗೋಡೆಯ ತುದಿಯಲ್ಲಿ. ಅದರ ಹಲ್ಲಿಗೆ ತಂಗೂಸಿ ನಿಲ್ಲದು, ಗೇಣುದ್ದ ತಂತಿ ಕಟ್ಟಿಕೊಳ್ಳಿ.

ಜನವರಿ, ಫೆಬ್ರುವರಿ: ಹೊಳೆಯ ಹರಿವು ಕಡಿಮೆಯಾಗಿ ಉಪ್ಪು ಮೇಲೇರತೊಡಗುತ್ತದೆ, ಮೀನೂ ಅದರ ಹಿಂದೆ. ಬಾಗಿಲಲ್ಲೇ ನಿಂತವರು "ಸೀಸನ್ ಮುಗಿಯಿತು" ಅನ್ನುವುದು ಈಗಲೇ. ಕುದ್ರುಗಳ, ಅಂದರೆ ಹೊಳೆ ನಡುವಿನ ದ್ವೀಪಗಳ ಸುತ್ತ, ಕಾಂಡ್ಲಾ ಅಂಚಿಗೆ ಬನ್ನಿ. ಹೊಯ್ಗೆ (ಮರಳು) ತಳವಿರುವ ಕಡೆ ಕಾಣೆಗೂ ಒಳ್ಳೆಯ ಸಮಯ.

ಮಾರ್ಚ್‌ನಿಂದ ಮೇ: ನೀರು ಬಿಸಿ. ಹಗಲು ಮೀನು ಸೇತುವೆ ನೆರಳಿಗೂ ಆಳದ ಗುಂಡಿಗೂ ಇಳಿಯುತ್ತದೆ. ರಾತ್ರಿ ಅಥವಾ ಸೂರ್ಯ ಹುಟ್ಟುವ ಮೊದಲು ಹೋಗಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿರುವುದರಿಂದ ಮೇಲೇರಿದ ಮೀನು ಅದರ ಕೆಳಗೆ ತಡೆಯುತ್ತದೆ. ಅಲ್ಲಿ ನಿಲ್ಲುವ ಮೊದಲು ಪಂಚಾಯತಿಯಲ್ಲಿ ಕೇಳಿ, ಹಲವು ಕಡೆ ಅವಕಾಶವಿಲ್ಲ.

ಈ ಲೆಕ್ಕ ಎಲ್ಲ ಹೊಳೆಗೂ ಒಂದೇ ಅಲ್ಲ. ಇಲ್ಲೇ ಬಹಳ ಜನ ಎಡವುವುದು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಬೇಸಿಗೆಯಲ್ಲಿ ಉಪ್ಪು ಸಹಜವಾಗಿ ಬಹಳ ದೂರ ಒಳಗೆ ಹೋಗುತ್ತದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಅಳಿವೆ ಅದು. ಶರಾವತಿಯಲ್ಲಿ ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ವಿದ್ಯುತ್ ತೆಗೆದ ನೀರು ವರ್ಷವಿಡೀ ಕೆಳಗೆ ಬರುತ್ತಿರುತ್ತದೆ, ಏಪ್ರಿಲ್‌ನಲ್ಲೂ ಹೊಳೆ ಸಿಹಿಯಾಗಿರಬಹುದು. ಅಘನಾಶಿನಿಯಲ್ಲಿ ಮಾರ್ಚ್ ತಿಂಗಳಲ್ಲಿ ಮೀನು ಸಿಕ್ಕಷ್ಟು ಒಳಗೆ ಶರಾವತಿಯಲ್ಲಿ ಹುಡುಕಿದರೆ ಸಿಗದು, ಹೊನ್ನಾವರದ ಕಡೆಗೇ ಇಳಿಯಬೇಕು. ವಾರಾಹಿಗೂ ಹೊಸಂಗಡಿಯ ವಿದ್ಯುದಾಗಾರದ ನೀರು ಬರುತ್ತದೆ. ಸಂಶಯವಿದ್ದರೆ ನಿಂತ ಕಡೆ ನೀರು ನಾಲಿಗೆಗೆ ಮುಟ್ಟಿಸಿ ನೋಡಿ ಉಗುಳಿ, ಉಪ್ಪು ಇದೆಯೋ ಇಲ್ಲವೋ ತಿಳಿಯುತ್ತದೆ.

3. ಪಂಚಾಂಗ ನೋಡಿ ಉಬ್ಬರ ಲೆಕ್ಕ ಹಾಕಿ

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಹತ್ತಿರ ಹತ್ತಿರ ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಬಹಳ ಏರಿ ಬಹಳ ಇಳಿಯುತ್ತದೆ, ಸೆಳೆತ ಜೋರು. ಅಷ್ಟಮಿಗೆ ಏರಿಳಿತ ಕಡಿಮೆ, ಸೆಳೆತ ಮೆತ್ತಗೆ.

ಇದರಿಂದ ಒಂದು ಉಪಯೋಗವಿದೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ನೀರು ತುಂಬುವುದು ಮಧ್ಯಾಹ್ನದ ಆಚೀಚೆ. ಆಮೇಲೆ ಸಂಜೆಯವರೆಗೂ ಇಳಿತ. ಅಷ್ಟಮಿಗೆ ತಲೆಕೆಳಗು: ಮಧ್ಯಾಹ್ನ ಇಳಿದ ನೀರು, ಸಂಜೆಗೆ ತುಂಬುತ್ತ ಬರುತ್ತದೆ. ಹಾಗಾಗಿ ಸಂಜೆ ಮಾತ್ರ ಬಿಡುವಿರುವವರು ಹೀಗೆ ಆರಿಸಿಕೊಳ್ಳಬಹುದು: ಅಳಿವೆ ಬಾಗಿಲಲ್ಲಿ ಇಳಿತದ ಬೇಟೆ ಬೇಕೆಂದರೆ ಅಮಾವಾಸ್ಯೆ, ಹುಣ್ಣಿಮೆಯ ಸುತ್ತ, ಕಾಂಡ್ಲಾ ಬುಡದಲ್ಲಿ ಏರುವ ನೀರಿನ ಮೀನು ಬೇಕೆಂದರೆ ಅಷ್ಟಮಿಯ ಸುತ್ತ.

ಇದು ಅಂದಾಜಿನ ಲೆಕ್ಕ. ಹೊರಡುವ ಮೊದಲು ಹತ್ತಿರದ ಬಂದರಿನ ಉಬ್ಬರ ಪಟ್ಟಿ ನೋಡಿ. ತೆರೆಯ ಎತ್ತರಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಮುನ್ಸೂಚನೆ ನೋಡಿ. ಪಟ್ಟಿಯಲ್ಲಿರುವುದು ಬಂದರಿನ ಹೊತ್ತು ಎಂಬುದನ್ನು ಮರೆಯಬೇಡಿ. ಹೊಳೆಯ ಒಳಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ನಿಮ್ಮ ಜಾಗದಲ್ಲಿ ಎಷ್ಟು ತಡ ಎಂದು ತಿಳಿಯಲು ಕೆಸರಲ್ಲಿ ಒಂದು ಕೋಲು ನೆಟ್ಟು ನೋಡಿ. ಒಮ್ಮೆ ತಿಳಿದರೆ ಆ ಜಾಗದ ಲೆಕ್ಕ ಹೆಚ್ಚು ಬದಲಾಗುವುದಿಲ್ಲ, ಭಾರಿ ನೆರೆ ಇದ್ದಾಗ ಮಾತ್ರ ಕೆಡುತ್ತದೆ.

ನೀರು ಪೂರ್ತಿ ತುಂಬಿ ನಿಂತಾಗ, ಪೂರ್ತಿ ಇಳಿದು ನಿಂತಾಗ ಮೀನು ಮೇಯುವುದು ಕಡಿಮೆ. ಹೊಸಬರು ಸರಿಯಾಗಿ ಆ ಹೊತ್ತಿಗೇ ಬಂದು, ಸೆಳೆತ ಶುರುವಾಗುವಾಗ ಬೇಸತ್ತು ಮನೆಗೆ ಹೋಗುತ್ತಾರೆ. ತಿರುಗಿದ ಮೇಲಿನ ಮೊದಲ ಎರಡು ಗಂಟೆ ಕಾಯಿರಿ.

4. ನಿಂತು ನೀರನ್ನು ನೋಡಿ

ತಲುಪಿದ ಕೂಡಲೇ ಗಾಳ ಎಸೆಯಬೇಡಿ. ಕಾಲು ಗಂಟೆ ನೋಡಿ. ತೇಲುವ ನೊರೆ, ತರಗೆಲೆ ಯಾವ ಕಡೆ ಹೋಗುತ್ತಿದೆ? ಇಳಿತದಲ್ಲಿ ಹೊಳೆಯ ಮಬ್ಬು ನೀರೂ ಕಡಲಿನ ಹಸಿರು ನೀರೂ ಕೂಡುವ ಕಡೆ ಒಂದು ಗೆರೆ ಬೀಳುತ್ತದೆ. ಆ ಗೆರೆಯಲ್ಲಿ ನೊರೆ, ಕಡ್ಡಿ, ಕಾಂಡ್ಲಾ ಎಲೆ ಸಾಲುಗಟ್ಟಿರುತ್ತವೆ. ಸಣ್ಣ ಮೀನು ಮಬ್ಬಿನ ಕಡೆ ಅಡಗಿರುತ್ತದೆ, ಹಿಡಿಯುವ ಮೀನು ತಿಳಿನೀರಿನ ಕಡೆಯಿಂದ ಬರುತ್ತದೆ. ಲೂರನ್ನು ಗೆರೆಯ ಆಚೆ ಎಸೆದು, ಗೆರೆ ದಾಟಿಸಿ ಎಳೆಯಿರಿ.

ಇಳಿತದಲ್ಲಿ ನಿಲ್ಲಬೇಕಾದ ಇನ್ನೊಂದು ಜಾಗ ಕಿರುಗಾಲುವೆಯ ಬಾಯಿ. ಕುಮಟಾ ಕಡೆಯ ಗಜನಿ ಗದ್ದೆಗಳ, ಅಂದರೆ ಉಪ್ಪುನೀರು ಬರುವ ಹೊಳೆಯಂಚಿನ ಗದ್ದೆಗಳ, ಹಲಗೆ ಬಾಗಿಲಿಂದ ನೀರು ಹೊರಬೀಳುವಾಗ ಸಿಗಡಿ, ಮರಿಮೀನು ಜೊತೆಗೆ ಬರುತ್ತವೆ. ಬಾಗಿಲಿಗೆ ಹತ್ತಿರ ಹೋಗಬೇಡಿ, ಅಲ್ಲಿ ಬಲೆಯ ಹಕ್ಕು ಗದ್ದೆಯವರದು. ಇಪ್ಪತ್ತು ಮೂವತ್ತು ಹೆಜ್ಜೆ ಕೆಳಗೆ, ಸೆಳೆತ ಆಳಕ್ಕೆ ಬೀಳುವಲ್ಲಿ ನಿಲ್ಲಿ. ಉಬ್ಬರದಲ್ಲಿ ಇದಕ್ಕೆ ವಿರುದ್ಧ: ನೀರು ಕಾಂಡ್ಲಾ ಬೇರು ಮುಟ್ಟುವ ಹೊತ್ತಿಗೆ ಮೀನು ಅಂಚಿಗೆ ಬಂದಿರುತ್ತದೆ. ಆಗ ದೂರ ಎಸೆಯುವುದೇ ತಪ್ಪು.

ಕೈರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುವಲ್ಲಿ, ಬೀಸುಬಲೆಯವರು ಇರುವಲ್ಲಿ ಅವರಿಗೆ ದಾರಿ ಬಿಡಿ. ಅವರಿಗೆ ಅದು ಹೊಟ್ಟೆಪಾಡು. ಎಲ್ಲಿ ಬಂಡೆ, ಎಲ್ಲಿ ಗುಂಡಿ, ಯಾವ ವಾರ ಸಿಗಡಿ ಇಳಿಯಿತು ಎಂದು ಅವರಷ್ಟು ತಿಳಿದವರಿಲ್ಲ. ಗೌರವದಿಂದ ಕೇಳಿದರೆ ಹೇಳುತ್ತಾರೆ.

5. ಎರೆ

ಆ ವಾರ ಹೊಳೆಯಲ್ಲಿ ಏನು ಓಡಾಡುತ್ತಿದೆಯೋ ಅದೇ ಎರೆ. ಕಾಣೆಗೆ ಎರೆಹುಳು ಅಥವಾ ಸಿಗಡಿ ತುಂಡು, ಕೆಂಬೇರಿ ಕುರುಡಿಗೆ ಜೀವಂತ ಸಿಗಡಿ. ಸಿಗಡಿಯನ್ನು ಬೆಳಕಿಗೆ ಹಿಡಿದರೆ ತಲೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಗಾಳ ಅದಕ್ಕೆ ತಾಗಿದರೆ ಸಿಗಡಿ ಕೂಡಲೇ ಸಾಯುತ್ತದೆ. ಚುಕ್ಕೆಯ ಮುಂದೆ, ಮೂತಿಯ ಮುಳ್ಳಿನ ಬುಡದಲ್ಲಿ ಅಡ್ಡಕ್ಕೆ ಚುಚ್ಚಿದರೆ ಬಹಳ ಹೊತ್ತು ಕಾಲಾಡಿಸುತ್ತಿರುತ್ತದೆ.

6. ಕಚ್ಚಿದ ಮೇಲೆ

ಸರ್ಕಲ್ ಗಾಳದಲ್ಲಿ ಜೋರಾಗಿ ಜಗ್ಗಬೇಡಿ. ಅದರ ಮೊನೆ ಒಳಕ್ಕೆ ಬಾಗಿರುತ್ತದೆ, ಮೀನು ಓಡುವಾಗ ತಾನಾಗಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ದಾರ ಬಿಗಿಯಾಗಲು ಬಿಟ್ಟು ಸುತ್ತಲು ಶುರು ಮಾಡಿ. ಕೆಂಬೇರಿ ಕಚ್ಚಿದೊಡನೆ ಕಲ್ಲಿನ ಸಂದಿಗೆ ನುಗ್ಗುತ್ತದೆ, ಮೊದಲ ಐದಾರು ಸೆಕೆಂಡು ದಾರ ಕೊಡಬೇಡಿ. ಕುರುಡಿ ಮೇಲೆ ಹಾರಿ ತಲೆ ಕೊಡವುತ್ತದೆ. ಆಗ ಕೋಲಿನ ತುದಿ ಕೆಳಗಿಳಿಸಿ ದಾರ ಬಿಗಿಯಾಗಿಯೇ ಇಡಿ.

7. ಯಾವುದನ್ನು ನೀರಿಗೆ ಬಿಡಬೇಕು

ಭಾರೀ ಕುರುಡಿಯನ್ನು ಬಿಡಿ, ಅದು ತಾಯಿ. ಅಂಗೈಯಷ್ಟರ ಕೆಂಬೇರಿಯನ್ನೂ ಬಿಡಿ. ಊಟಕ್ಕೆ ನಡುವಿನ ಗಾತ್ರದ ಒಂದೆರಡು ಸಾಕು. ಬಿಡುವಾಗ ಕೈ ಒದ್ದೆ ಮಾಡಿಕೊಂಡು ಹೊಟ್ಟೆಯ ಕೆಳಗೆ ಆಧಾರ ಕೊಟ್ಟು, ತಲೆ ಸೆಳೆತಕ್ಕೆ ಎದುರಾಗಿ ಹಿಡಿಯಿರಿ. ಬಾಲ ಬಡಿದು ತಾನೇ ಹೋಗುವವರೆಗೆ ಕೈ ಬಿಡಬೇಡಿ. ಗಾಳ ನುಂಗಿದ್ದರೆ ಕೀಳಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ.

ಕಡಲಾಮೆ ಸಿಕ್ಕಿದರೆ 1972ರ ವನ್ಯಜೀವಿ ಕಾಯ್ದೆಯಂತೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ದಾರ ಪೂರ್ತಿ ಬಿಡಿಸಿ ನೀರಿಗೆ ಬಿಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕಡಿದ ತಂಗೂಸಿಯನ್ನು ದಡದಲ್ಲಿ ಬಿಸಾಡಬೇಡಿ. ಹಕ್ಕಿಯ ಕಾಲಿಗೂ ಆಮೆಯ ಕತ್ತಿಗೂ ಸುತ್ತಿಕೊಳ್ಳುವುದು ಅದೇ.

8. ಅಪಾಯಗಳು

ತಡೆಗೋಡೆ ಒಣಗಿದೆಯೋ ಒದ್ದೆಯೋ ಮೊದಲು ನೋಡಿ. ಒದ್ದೆಯಿದ್ದರೆ ಅಲ್ಲಿಯವರೆಗೆ ತೆರೆ ಬರುತ್ತದೆ, ಹತ್ತಬೇಡಿ. ಒಬ್ಬರೇ ಹೋಗಬೇಡಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ಅಮಾವಾಸ್ಯೆಯ ಇಳಿತದಲ್ಲಿ ಹೊಯ್ಗೆ ದಿಬ್ಬಕ್ಕೆ ನಡೆದು ಹೋದವರು ಉಬ್ಬರ ತಿರುಗುವ ಮೊದಲೇ ವಾಪಸು ಬರಬೇಕು, ಹಿಂದಿನ ಕಾಲುವೆ ಮೊದಲು ತುಂಬುತ್ತದೆ.

ಅಕ್ಟೋಬರ್‌ನ ಸಂಜೆ ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಕಟ್ಟಡದೊಳಗೆ ಹೋಗಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ.

ಶೇಡೆಯ ಬೆನ್ನಿನ ಮತ್ತು ಪಕ್ಕದ ಮುಳ್ಳು ವಿಷದ್ದು, ತೊರಕೆಯ (ಸ್ಟಿಂಗ್‌ರೇ) ಬಾಲದ್ದು ಇನ್ನೂ ಕೆಟ್ಟದು. ಬರಿಗೈಯಲ್ಲಿ ಹಿಡಿಯಬೇಡಿ. ಚುಚ್ಚಿದರೆ ಗಾಯವನ್ನು ತಾಳುವಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿಯದು, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ನೋವು ಇಳಿಯುತ್ತದೆ. ಚರ್ಮ ಸುಡದ ಹಾಗೆ ಮೊದಲು ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿ. ಮುಳ್ಳು ಒಳಗೆ ಮುರಿದಿದ್ದರೆ, ಎದೆ ಹೊಟ್ಟೆಗೆ ತಾಗಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮೊದಲ ಸಲ ಹೋಗುವವರಿಗೆ

ಅಕ್ಟೋಬರ್ ಕೊನೆಯ ಅಥವಾ ನವೆಂಬರ್‌ನ ಒಂದು ಅಷ್ಟಮಿಯನ್ನು ಆರಿಸಿಕೊಳ್ಳಿ. ಸೆಳೆತ ಮೆತ್ತಗಿರುತ್ತದೆ, ಸೀಸ ಉರುಳಿ ದಾರ ಸಿಕ್ಕಾಗುವುದಿಲ್ಲ. ತಡೆಗೋಡೆಗೆ ಹೋಗಬೇಡಿ; ಹೊಳೆಯ ಒಳಬದಿಯಲ್ಲಿ, ಹೊಯ್ಗೆ ತಳದ ಸಮ ದಡ ಹುಡುಕಿ. ಸಂಜೆ ನಾಲ್ಕಕ್ಕೆ, ನೀರು ಏರುತ್ತಿರುವಾಗ ಸಣ್ಣ ಗಾಳಕ್ಕೆ ಎರೆಹುಳು ಚುಚ್ಚಿ ಹತ್ತು ಹದಿನೈದು ಮೀಟರ್ ದೂರಕ್ಕೆ ಎಸೆಯಿರಿ. ಕಾಣೆ ಟಕ್ ಟಕ್ ಎಂದು ಎರಡು ಸಲ ತಟ್ಟುತ್ತದೆ, ಎರಡನೆಯದಕ್ಕೆ ಮೆಲ್ಲಗೆ ಎತ್ತಿ. ಮನೆಗೆ ಬಂದು ತಿಥಿ, ಹೊತ್ತು, ನೀರಿನ ಬಣ್ಣ, ಉಪ್ಪು ಇತ್ತೋ ಇಲ್ಲವೋ, ಏನು ಸಿಕ್ಕಿತು ಎಂದು ಬರೆದಿಡಿ. ಏನೂ ಸಿಗದ ದಿನವನ್ನೂ ಬರೆಯಿರಿ. ಮುಂದಿನ ವರ್ಷ ಅದೇ ತಿಥಿಗೆ ಎಲ್ಲಿ ನಿಲ್ಲಬೇಕೆಂದು ಹುಡುಕುವಾಗ ಈ ಲೇಖನಕ್ಕಿಂತ ಆ ಪುಸ್ತಕವೇ ಹೆಚ್ಚು ಕೆಲಸಕ್ಕೆ ಬರುತ್ತದೆ.